ನಿಮಗಿದು ಗೊತ್ತೇ? ಡಾಂಬರು ಬಳಿಸಿಕೊಳ್ಳುವ ದೋಣಿಮನೆ

ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ತೇಲುವ ಉದ್ದನೆಯ ದೋಣಿಗಳನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ನ್ಯಾರೋಬೋಟ್ ಅಂತ ಹೆಸರು. ಉದ್ದ 70 ಅಡಿಯವರೆಗೂ ಇರಬಹುದು. ಅಗಲ ಮಾತ್ರ 6 ಅಡಿ 10 ಅಂಗುಲ! ಏಕೆಂದರೆ ಅದು ದಾಟಬೇಕಾದ ಲಾಕ್‌ಗಳು, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿಳಿಸುವ ಕಟ್ಟೆಗಳು, ಎಷ್ಟೋ ಕಡೆ ಬರೀ 7 ಅಡಿ ಅಗಲ. ಎಡಕ್ಕೊಂದು ಅಂಗುಲ, ಬಲಕ್ಕೊಂದು ಅಂಗುಲ, ಮುಗಿಯಿತು!

ಇಂಥ ದೋಣಿಗಳಲ್ಲೇ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ರಿಪೇರಿಯ ಬಹುಪಾಲು ಅವರದೇ ಕೈಕೆಲಸ. ಆ ಕೆಲಸಗಳು ಎಂಥವು ಅಂತ ಕೇಳಿದರೆ ನೀವು ಬೆರಗಾಗುತ್ತೀರಿ!

ಮೊದಲಿಗೆ ಡಾಂಬರು. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಹೊರಗೆ ತಂದು, ಅಂಟಿದ ಪಾಚಿಯನ್ನು ರಭಸದ ನೀರು ಹಾಯಿಸಿ ತೊಳೆದು, ತುಕ್ಕು ಕೆರೆದು, ರೋಲರ್ ಹಿಡಿದು ಕಪ್ಪನೆಯ ಬಿಟುಮೆನ್ ಬಳಿಯುತ್ತಾರೆ. ಒಂದು ಕೋಟ್ ಸಾಲದು, ಎರಡು ಮೂರು ಬೇಕು. ಹೆಚ್ಚು ಮುತುವರ್ಜಿ ಎಲ್ಲಿ ಗೊತ್ತೇ? ನೀರಿನ ಮಟ್ಟ ತಾಗುವ ಪಟ್ಟಿಯಲ್ಲಿ. ಗಾಳಿಯೂ ನೀರೂ ಸೇರುವ ಆ ಗೇಣಗಲದ ಜಾಗವನ್ನೇ ತುಕ್ಕು ಹುಡುಕಿಕೊಂಡು ಬರುತ್ತದೆ!

ಇನ್ನೂ ವಿಚಿತ್ರ ಕೇಳಿ. ಪಕ್ಕಗಳಿಗೆ ಇಷ್ಟೆಲ್ಲ ಉಪಚಾರ, ಆದರೆ ತೀರಾ ಅಡಿಯ ತಳದ ತಗಡಿಗೆ ಎಷ್ಟೋ ಮಂದಿ ಬಣ್ಣವನ್ನೇ ಮುಟ್ಟಿಸುವುದಿಲ್ಲ! ಹೇಗೂ ಕಾಲುವೆಯ ತಳಕ್ಕೆ ಉಜ್ಜಿ ಹೋಗುತ್ತದೆ ಅನ್ನುವುದು ಅವರ ವಾದ. ಅಲ್ಲಿ ಆಮ್ಲಜನಕ ಕಡಿಮೆ, ತುಕ್ಕೂ ನಿಧಾನ.

ಹಿಂದೆ ದೋಣಿಗಳು ಮರದವಾಗಿದ್ದವು. ಆಗ ಹಲಗೆಗಳಿಗೆ ಏನು ಬಳಿಯುತ್ತಿದ್ದರು ಊಹಿಸಿ! ಟಾರು, ಹಸುವಿನ ಕೂದಲು, ಕುದುರೆ ಲದ್ದಿ. ಮೂರನ್ನೂ ಬೆರೆಸಿ, ಕಾಯಿಸಿ, ಬಿಸಿಬಿಸಿಯಾಗಿ ಮೆತ್ತುತ್ತಿದ್ದರು. ಆ ಲೇಪಕ್ಕೆ ಚಾಲಿಕೋ ಎಂದು ಹೆಸರು. ದೋಣಿ ಎಳೆಯುತ್ತಿದ್ದುದೂ ಕುದುರೆಯೇ ಆದ್ದರಿಂದ ಸಾಮಗ್ರಿಗೇನೂ ಕೊರತೆಯಿರಲಿಲ್ಲ!

ಈಗ ನನಗೆ ತುಂಬಾ ಇಷ್ಟವಾದ ಸಂಗತಿ. ಉಕ್ಕಿನ ದೋಣಿಯ ಪಕ್ಕಕ್ಕೆ, ನೀರಿನ ಮಟ್ಟದ ಕೆಳಗೆ, ಮೆಗ್ನೀಸಿಯಂ ಗಟ್ಟಿಗಳನ್ನು ವೆಲ್ಡಿಂಗ್ ಮಾಡಿರುತ್ತಾರೆ. ಆನೋಡ್ ಅಂತಾರೆ. ಅವುಗಳ ಕೆಲಸವೊಂದೇ: ಸವೆದು ಸಾಯುವುದು! ನೀರು ಮೊದಲು ಮೆಗ್ನೀಸಿಯಂ ಅನ್ನು ತಿನ್ನುತ್ತದೆ, ಉಕ್ಕು ಉಳಿದುಕೊಳ್ಳುತ್ತದೆ. ಗಟ್ಟಿ ಕರಗಿ ತುಂಡಾದಾಗ ಹೊಸದು ಹಾಕಿದರಾಯಿತು. ನೆನಪಿಡಿ, ಡಾಂಬರು ಬಳಿಯುವಾಗ ಇದರ ಮೇಲೆ ಒಂದು ಹನಿಯೂ ಬೀಳಬಾರದು. ಆನೋಡ್‌ಗೂ ಬಣ್ಣ ಹೊಡೆದು ಚಂದ ಮಾಡಿದರೆ ಅದು ಕೆಲಸವನ್ನೇ ನಿಲ್ಲಿಸುತ್ತದೆ!

ಸಿಹಿನೀರಿಗೆ ಮೆಗ್ನೀಸಿಯಂ, ಸಮುದ್ರದ ಉಪ್ಪುನೀರಿಗೆ ಸತು. ಅದಲುಬದಲು ಮಾಡುವಂತಿಲ್ಲ.

ದಡದಿಂದ ಕರೆಂಟ್ ತೆಗೆದುಕೊಂಡರೆ ಇನ್ನೊಂದು ಚೋದ್ಯ. ಸಾಲಾಗಿ ನಿಂತ ದೋಣಿಗಳೆಲ್ಲ ಅರ್ಥ್ ತಂತಿಯ ಮೂಲಕ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಗ ನಿಮ್ಮ ಮೆಗ್ನೀಸಿಯಂ ಸವೆದು ಪಕ್ಕದವರ ದೋಣಿಯನ್ನು ಕಾಯತೊಡಗುತ್ತದೆ! ಇದನ್ನು ತಡೆಯಲೆಂದೇ ಗ್ಯಾಲ್ವನಿಕ್ ಐಸೊಲೇಟರ್ ಎಂಬ ಪುಟ್ಟ ಪೆಟ್ಟಿಗೆ ಇದೆ. ಜಾಣರು ಅದನ್ನು ಮೊದಲೇ ಹಾಕಿಸಿಕೊಳ್ಳುತ್ತಾರೆ.

ದೋಣಿಯೊಳಕ್ಕೆ ನೀರು ತೊಟ್ಟಿಕ್ಕಿದರೆ ಗಾಬರಿಯಾಗಬೇಕಲ್ಲವೇ? ಇಲ್ಲಿ ಹಾಗಲ್ಲ! ಪ್ರೊಪೆಲ್ಲರ್‌ನ ಶಾಫ್ಟ್ ದೋಣಿಯಿಂದ ಹೊರಬೀಳುವ ಕಡೆ ಮೇಣವೋ ಗ್ರೀಸೋ ಮೆತ್ತಿದ ಹಗ್ಗದ ಬಳೆಗಳನ್ನು ತುರುಕಿ ಬಿಗಿದಿರುತ್ತಾರೆ. ಓಡುವಾಗ ಅಲ್ಲಿಂದ ಹನಿ ಹನಿ ನೀರು ಒಸರುವುದು ಸಹಜ. ನೀರು ನಿಲ್ಲಲಿ ಅಂತ ಅತಿಯಾಗಿ ಬಿಗಿದರೆ ಶಾಫ್ಟ್ ಕಾದು ಸವೆದುಹೋಗುತ್ತದೆ. ಹಾಗಾಗಿ ಸಂಜೆ ದೋಣಿ ಕಟ್ಟಿದ ಮೇಲೆ ಯಜಮಾನರು ಎಂಜಿನ್ ಕೋಣೆಗೆ ಬಗ್ಗುತ್ತಾರೆ, ಹಿತ್ತಾಳೆಯ ಗ್ರೀಸ್ ಡಬ್ಬಿಯ ಹಿಡಿಯನ್ನು ಕೈಗೆ ಬಿಗಿ ಸಿಗುವವರೆಗೆ ತಿರುಗಿಸುತ್ತಾರೆ. ಒಳಗೆ ಗ್ರೀಸ್ ಇಳಿಯುತ್ತದೆ, ಹನಿ ನಿಲ್ಲುತ್ತದೆ. ಆಮೇಲೇ ಊಟ!

ಆ ಹಗ್ಗದ ಬಳೆಗಳನ್ನು ಕತ್ತರಿಸುವುದರಲ್ಲೂ ಕಲೆಯಿದೆ. ತುದಿಗಳನ್ನು ಓರೆಯಾಗಿ ಕತ್ತರಿಸಬೇಕು. ಒಂದು ಬಳೆಯ ಜೋಡಣೆ ಮುಂದಿನ ಬಳೆಯ ಜೋಡಣೆಗೆ ನೇರ ಬರಬಾರದು. ಬಂದರೆ ನೀರಿಗೆ ದಾರಿ ಸಿಕ್ಕಿತು ಅಂತಲೇ ಲೆಕ್ಕ!

ಎಂಜಿನ್ ಇದೆ, ರೇಡಿಯೇಟರ್ ಎಲ್ಲಿ? ಬಹಳಷ್ಟು ದೋಣಿಗಳಲ್ಲಿ ಇಲ್ಲವೇ ಇಲ್ಲ! ದೋಣಿಯ ಪಕ್ಕದ ಉಕ್ಕಿಗೇ ಒಳಗಿನಿಂದ ತೆಳ್ಳನೆಯ ತೊಟ್ಟಿಯೊಂದನ್ನು ವೆಲ್ಡಿಂಗ್ ಮಾಡಿರುತ್ತಾರೆ. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ. ಆಚೆ ಕಡೆಯ ಕಾಲುವೆ ನೀರೇ ಅದನ್ನು ತಣಿಸುತ್ತದೆ. ಒಳಗಿನ ನೀರು ಬೇರೆ, ಹೊರಗಿನದು ಬೇರೆ, ಎರಡೂ ಬೆರೆಯುವುದೇ ಇಲ್ಲ.

ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿತು ಅನ್ನಿ. ನೀರಿಗೆ ಧುಮುಕಬೇಕೇ? ಬೇಡ! ದೋಣಿಯ ಹಿಂಭಾಗದಲ್ಲಿ, ಪ್ರೊಪೆಲ್ಲರ್‌ನ ನೆತ್ತಿಯ ಮೇಲೆ, ಒಂದು ಮುಚ್ಚಳದ ಬಾವಿಯಿದೆ. ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗಿಟ್ಟು, ಮುಚ್ಚಳ ತೆಗೆದು, ತೋಳು ಇಳಿಬಿಟ್ಟು ತಡಕಾಡಬೇಕು. ಪ್ಲಾಸ್ಟಿಕ್ ಚೀಲ, ಹಗ್ಗ, ಹಳೆಯ ಬಟ್ಟೆ, ತಂತಿ, ಏನು ಬೇಕಾದರೂ ಸಿಗಬಹುದು. ಕತ್ತರಿಸಿ ಬಿಡಿಸಲು ಚಾಕು, ಗರಗಸ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಕೆಲಸ ಮುಗಿದ ಮೇಲೆ ಮುಚ್ಚಳ ಸರಿಯಾಗಿ ಕೂರದಿದ್ದರೆ? ಪ್ರೊಪೆಲ್ಲರ್ ಎರಚುವ ನೀರೆಲ್ಲ ಒಳಗೆ ನುಗ್ಗಿ ದೋಣಿಯೇ ಮುಳುಗಬಹುದು! ಒಂದೇ ಮುಚ್ಚಳಕ್ಕೆ ಇಡೀ ಮನೆಯ ಭಾರ!

ಮನೆಯ ನೆಲದ ಹಲಗೆ ಕಿತ್ತರೆ ಕೆಳಗೆ ಏನಿರುತ್ತದೆ? ಫುಟ್‌ಪಾತಿನ ಕಲ್ಲುಚಪ್ಪಡಿ, ಇಟ್ಟಿಗೆ! ದೋಣಿ ಅಲುಗಾಡದಿರಲು ಅದೇ ಭಾರ. ಒಂದು ಕಡೆ ಭಾರವಾದ ಹೊಸ ಒಲೆ ಬಂತೋ, ದೋಣಿ ಆ ಕಡೆಗೆ ವಾಲುತ್ತದೆ. ಆಗ ನಾಲ್ಕು ಇಟ್ಟಿಗೆಗಳನ್ನು ಈ ಕಡೆಗೆ ಸಾಗಿಸಬೇಕು. ಮೂತಿಯಲ್ಲಿರುವ ಕುಡಿಯುವ ನೀರಿನ ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಮೂತಿ ತಾನಾಗಿ ಮೇಲೇಳುತ್ತದೆ, ನೋಡಿದರೇ ಗೊತ್ತಾಗುತ್ತದೆ!

ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ಅಡಿಯಲ್ಲಿ ಬೇಕೆಂದೇ ತೂತು ಬಿಟ್ಟಿರುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಶೇಖರವಾಗುತ್ತದೆ. ತೂತಿನಿಂದ ಅದು ದೋಣಿಯ ಹೊರಕ್ಕೆ ಹೋಗಲಿ ಅಂತ. ಎಲ್ಲ ಕೆಲಸ ಸ್ವಂತ ಕೈಯಲ್ಲೇ ಮಾಡುವವರಿಗೂ ಇಲ್ಲೊಂದು ಗೆರೆ ಇದೆ: ದೋಣಿಯೇ ಕಾಯಂ ಮನೆಯಾದರೆ ಗ್ಯಾಸ್ ಕೆಲಸಕ್ಕೆ ನೋಂದಾಯಿತ ತಂತ್ರಜ್ಞರೇ ಬರಬೇಕು. ಇದು ಒಳ್ಳೆಯ ನಿಯಮ, ಎರಡು ಮಾತಿಲ್ಲ. ನಾಲ್ಕು ವರ್ಷಕ್ಕೊಮ್ಮೆ ದೋಣಿಗೆ ಸುರಕ್ಷತಾ ತಪಾಸಣೆಯೂ ಉಂಟು. 2019ರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಅದರಲ್ಲಿ ಪಾಸಾಗುವಂತಿಲ್ಲ.

ಡೀಸೆಲ್‌ನೊಳಗೂ ಜೀವಿಗಳು ಬೆಳೆಯುತ್ತವೆ! ಟ್ಯಾಂಕಿನ ತಳದಲ್ಲಿ ನೀರು ಸೇರಿದರೆ ಸಾಕು, ಸೂಕ್ಷ್ಮಜೀವಿಗಳು ಲೋಳೆ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತವೆ. ಅದಕ್ಕೇ ಚಳಿಗಾಲಕ್ಕೆ ಮುನ್ನ ಟ್ಯಾಂಕ್ ಭರ್ತಿ ಮಾಡುವುದು. ಖಾಲಿ ಜಾಗ ಇಲ್ಲದಿದ್ದರೆ ಗಾಳಿಯ ತೇವ ಹನಿಗಟ್ಟುವುದೆಲ್ಲಿ?

ಹಳೆಯ ದೋಣಿ ಕೊಳ್ಳುವ ಮುನ್ನ ಅದಕ್ಕೆ ಸ್ಕ್ಯಾನಿಂಗ್! ಹೌದು, ಆಸ್ಪತ್ರೆಯಲ್ಲಿ ಬಳಸುವ ಅಲ್ಟ್ರಾಸೌಂಡೇ. ಡಾಂಬರು ಕೆರೆದ ಜಾಗಕ್ಕೆ ಜೆಲ್ ಹಚ್ಚಿ ಉಪಕರಣ ಒತ್ತಿದರೆ ಉಕ್ಕು ಎಷ್ಟು ದಪ್ಪ ಉಳಿದಿದೆ ಅಂತ ತಿಳಿಯುತ್ತದೆ. ಹೊಸ ದೋಣಿಯಲ್ಲಿ ತಳ 10 ಮಿ.ಮೀ., ಪಕ್ಕ 6 ಮಿ.ಮೀ. ಇರುವುದು ವಾಡಿಕೆ. 4 ಮಿ.ಮೀ.ಗಿಂತ ಕೆಳಗಿಳಿದರೆ ವಿಮೆಯವರು ಹಿಂದೇಟು ಹಾಕುತ್ತಾರೆ. ನಿಮ್ಮನ್ನೂ ನೀರನ್ನೂ ಬೇರೆಮಾಡಿರುವುದು ಅಷ್ಟೇ ದಪ್ಪದ ತಗಡು!

ಸ್ವಂತ ನಿಲುಗಡೆ ಇಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಇದು 1995ರ ಕಾಯ್ದೆ, ತಕ್ಕ ಕಾರಣವಿದ್ದರಷ್ಟೇ ವಿನಾಯಿತಿ. ಅಂದರೆ ಮನೆಗೆ ಅರ್ಧ ಬಣ್ಣ ಒಂದೂರಿನಲ್ಲಿ, ಉಳಿದರ್ಧ ಮುಂದಿನೂರಿನಲ್ಲಿ!

ಕೊನೆಗೊಂದು. ಬ್ಯಾನ್‌ಬರಿ ಪಟ್ಟಣದಲ್ಲಿ 1790ರಲ್ಲಿ ಶುರುವಾದ ಟೂಲೀಸ್ ಎಂಬ ದೋಣಿಕಟ್ಟೆ ಇದೆ. 1939ರಲ್ಲಿ ಲೇಖಕ ಟಾಮ್ ರೋಲ್ಟ್ ತಮ್ಮ ಮರದ ದೋಣಿ ಕ್ರೆಸಿಯನ್ನು ಮನೆಯಾಗಿ ಸಜ್ಜು ಮಾಡಿಸಿಕೊಂಡಿದ್ದು ಇಲ್ಲೇ. ಅದರಲ್ಲಿ ಸುತ್ತಾಡಿ ಬರೆದ ಅವರ ‘ನ್ಯಾರೋ ಬೋಟ್’ ಪುಸ್ತಕ 1944ರಲ್ಲಿ ಬಂತು. ಪಾಳುಬೀಳುತ್ತಿದ್ದ ಕಾಲುವೆಗಳ ಮೇಲೆ ಜನರಿಗೆ ಪ್ರೀತಿ ಹುಟ್ಟಿಸಿದ ಪುಸ್ತಕ ಅದು. ಆ ದೋಣಿಕಟ್ಟೆ ಈಗ ಎಲ್ಲಿದೆ ಗೊತ್ತೇ? ಒಂದು ಶಾಪಿಂಗ್ ಮಾಲ್‌ನ ನಡುವೆ!