ಬಿಲ್ಲು ಬೆಂಗಳೂರಿಗೆ, ಪಾಲು ಹೊಸೂರಿಗೂ

ಬೆಂಗಳೂರು, ಹೊಸೂರು ಎರಡೂ ಕಡೆ ಘಟಕವಿರುವ ಒಂದು ಕಂಪನಿ ಎಂದುಕೊಳ್ಳಿ. ಲೆಕ್ಕಪರಿಶೋಧಕರ ಶುಲ್ಕ ಒಂದು ಲಕ್ಷ, ಅದರ ಮೇಲೆ ಜಿ.ಎಸ್.ಟಿ. 18,000 ರೂಪಾಯಿ. ಬಿಲ್ಲು ಬರುವುದು ಬೆಂಗಳೂರಿನ ಮುಖ್ಯ ಕಚೇರಿಗೆ, ಕೆಲಸ ಎರಡು ಘಟಕಕ್ಕೂ. ಈ 18,000ವನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಮುರಿದುಕೊಳ್ಳುವವರು ಯಾರು? ಬೆಂಗಳೂರೇ ಪೂರ್ತಿ ಇಟ್ಟುಕೊಂಡರೆ ಹೊಸೂರಿನ ಘಟಕ ತನ್ನ ತೆರಿಗೆಗೆ ಅಷ್ಟು ಹೆಚ್ಚು ನಗದು ಹೊಂದಿಸಬೇಕು.

ಪ್ಯಾನ್ ಸಂಖ್ಯೆ ಒಂದೇ ಇದ್ದರೂ ಗಡಿಯಾಚೆಯ ಘಟಕ ಜಿ.ಎಸ್.ಟಿ. ಲೆಕ್ಕದಲ್ಲಿ ಬೇರೆಯೇ ವ್ಯಕ್ತಿ. ಆದ್ದರಿಂದ 2025ರ ಏಪ್ರಿಲ್ 1ರಿಂದ ಈ ಹಂಚಿಕೆ ಕಡ್ಡಾಯ. ಅಳತೆ, ಹಿಂದಿನ ಆರ್ಥಿಕ ವರ್ಷದ ವಹಿವಾಟು. ಬೆಂಗಳೂರಿನದು 2 ಕೋಟಿ, ಹೊಸೂರಿನದು 4 ಕೋಟಿಯಾದರೆ ಪಾಲು 6,000 ಮತ್ತು 12,000. ಎಲ್ಲ ಖರ್ಚಿಗೂ ಈ ಅಳತೆ ನ್ಯಾಯವೆನ್ನಲಾರೆ, ಜಗಳವಂತೂ ಕಡಿಮೆ. ಹೊಸೂರಿಗಷ್ಟೇ ಆದ ಕೆಲಸದ ತೆರಿಗೆ ಪೂರಾ ಹೊಸೂರಿಗೇ. ಬೇರೆ ಪ್ಯಾನ್ ಇರುವ ಸೋದರ ಕಂಪನಿಗೆ ಈ ದಾರಿಯಿಲ್ಲ, ಅದಕ್ಕೆ ಬಿಲ್ಲನ್ನೇ ಬರೆಯಬೇಕು.