ತಂಗಿಯ ಲ್ಯಾಬಿನ ಕೆಲಸ, ಅಮ್ಮನಿಗೆ ಕನ್ನಡದಲ್ಲಿ
ನಾನು ಕಾಸರಗೋಡಿನವಳು. ತಂಗಿ ಲ್ಯಾಬಲ್ಲಿ ಮಾಡುವ ಕೆಲಸ ಎಂಥದ್ದು ಅಂತ ಅಮ್ಮ ಕೇಳಿದ್ರು. ನಾನು ಹೇಳಿದ್ದಿಷ್ಟು:

ಕ್ಷಯದ ಬ್ಯಾಕ್ಟೀರಿಯಾಕ್ಕೂ ಶಕ್ತಿ ಬೇಕು. ಅದನ್ನು ಎಟಿಪಿ ರೂಪದಲ್ಲಿ ತಯಾರಿಸುವುದು ಎಟಿಪಿ ಸಿಂಥೇಸ್ ಎಂಬ ತಿರುಗುವ ಕಿಣ್ವ. ಅದರ 'ಸಿ' ಉಪಘಟಕಕ್ಕೆ ಅಂಟಿ ತಿರುಗುವಿಕೆಯನ್ನು ತಡೆಯುವ ಔಷಧ ಬೆಡಾಕ್ವಿಲಿನ್. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆಯಿತು.

ಇಂಥ ಭಾಗವನ್ನು ಅಭ್ಯಸಿಸಲು ರೋಗಾಣುವನ್ನೇ ಬೆಳೆಸಬೇಕಿಲ್ಲ. ಅದರ ಜೀನನ್ನು ಪ್ಲಾಸ್ಮಿಡ್‌ಗೆ ಜೋಡಿಸಿ ಇ. ಕೊಲೈ ಒಳಗೆ ಸೇರಿಸುತ್ತಾರೆ. ಐಪಿಟಿಜಿ ಹಾಕಿದರೆ ಪ್ರೋಟೀನ್ ತಯಾರಾಗತೊಡಗುತ್ತದೆ. ಜೊತೆಗೆ ಸೇರಿಸಿದ ಹಿಸ್ಟಿಡಿನ್ ಬಾಲ ನಿಕ್ಕಲ್‌ಗೆ ಅಂಟುವುದರಿಂದ ಅದನ್ನು ಬೇರ್ಪಡಿಸಬಹುದು. 'ಸಿ' ಪೊರೆಯೊಳಗಿನದ್ದು, ನೀರಿಗೆ ಒಗ್ಗದು, ಮಾರ್ಜಕ ಬೇಕು.

"ಉಪಘಟಕ ಅಂದ್ರೆ ಮಿಕ್ಸಿಯ ಬಿಡಿಭಾಗದ ಹಾಗೆಯಾ?" ಅಂದ್ರು ಅಮ್ಮ. ಹೌದು, ಹಾಗೆಯೇ. ಗಡಿನಾಡಿನ ಕನ್ನಡ ಕವಿಗೋಷ್ಠಿಗಷ್ಟೇ ಉಳಿದರೆ ಸಾಲದು. ಈ ಮಾತೂ ಅದರಲ್ಲಿ ನಡೆಯಬೇಕು.