ಪೈಲಟ್ ತಪ್ಪು ಅಂದ್ರೆ ಯಾರ ತಪ್ಪು?

ಚೆನ್ನೈನ ವೇಲಚೇರಿಯಲ್ಲಿ ತಲೆ ಮೇಲೆ ವಿಮಾನ ಹೋಗೋದು ದಿನಾ ನೋಡ್ತೀರಿ.
ಹಾರ್ತಾ ಹಾರ್ತಾನೇ ಪೈಲಟ್ ಒಂದು ಎಂಜಿನ್ ಬೇಕಂತ ಆಫ್ ಮಾಡಿದ್ರೆ?

2009, ಮಾರ್ಚ್ 6. ಬೆಂಗಳೂರು.
ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 14 ಸೀಟಿನ ಪುಟ್ಟ ವಿಮಾನ, ಸಾರಸ್.
ಪರೀಕ್ಷಾ ಹಾರಾಟ.
ಎಡ ಎಂಜಿನ್ ಆರಿಸಿ, ಮತ್ತೆ ಹೊತ್ತಿಸಬೇಕು.

ಬೈಕಲ್ಲಿ ಹಿಂದೆ ಕೂತು ಮೊರ ಹಿಡ್ಕೊಳ್ಳಿ.
ಅಂಚು ಗಾಳಿಗಿದ್ರೆ ಸಲೀಸು.
ಅಗಲ ತಿರುಗಿತೋ, ಬೈಕನ್ನೇ ಒಂದು ಕಡೆ ಎಳೆಯುತ್ತೆ.
ಆರಿದ ಎಂಜಿನ್ನಿನ ಪ್ರೊಪೆಲ್ಲರ್ ಎಲೆನೂ ಹಾಗೇ.

ಎಂಜಿನ್ ಮತ್ತೆ ಹೊತ್ತಿಸೋಕೆ ನೋಡ್ತಿದ್ದಾಗ ಬಿಡದಿ ಹತ್ತಿರ ವಿಮಾನ ಬಿತ್ತು.
ವಾಯುಪಡೆಯ ಮೂವರು ತೀರಿಕೊಂಡ್ರು.

ತನಿಖೆ ಹೇಳಿದ್ದು:
ಮೊದಲ ಯತ್ನ ಸೋತಾಗಲೇ ವಾಪಸ್ ಬರಬೇಕಿತ್ತು.
ಎತ್ತರ ಸಾಲಲಿಲ್ಲ.

ಆದ್ರೆ ಬರೀ ಪೈಲಟ್ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ.
ಎಂಜಿನ್ ಹೊತ್ತಿಸೋ ಕ್ರಮವೇ ತಪ್ಪಾಗಿತ್ತು.
ಅದನ್ನ ರೂಪಿಸಿದ್ದು ವಿನ್ಯಾಸಕಾರರು,
ಪ್ರೊಪೆಲ್ಲರ್ ಮಾಡಿದ ಕಂಪನಿಯನ್ನ ಒಂದು ಮಾತೂ ಕೇಳದೆ.